ನಾಲಿಗೆಯಿಂದ ಬಂದದ್ದು

ಮತ್ತಿಕೆರೆಯ ಸೊಣ್ಣಮ್ಮ ಕಾವಲು ಕಾದದ್ದೆಲ್ಲ ತನ್ನ ಕಾಲುಗಳನ್ನು. ಅಣ್ಣ ಮುನಿಕೃಷ್ಣಪ್ಪನಿಗೆ ಆ ಹಾಳು ಕಾಯಿಲೆ ಹತ್ತಿದ್ದು ಕಾಲಿನಿಂದ. ಮೊದಲು ಮೆಟ್ಟು ಕಾಲಲ್ಲಿ ನಿಲ್ಲದಾಯಿತು, ಆಮೇಲೆ ಸೊಂಟ, ಆಮೇಲೆ ಕೈ. ಆನೆಯಂಥ ಆಳು ಕೊರಡಾಗಿ ಬಿದ್ದು, ಐದನೇ ವರ್ಷಕ್ಕೆ ಹೋದ. ದೇವರನ್ನು ಬೈಯುವಷ್ಟು ಮಾತು ಮಾತ್ರ ಕೊನೆಯವರೆಗೂ ಗಟ್ಟಿಯಾಗಿತ್ತು. ಅವರಪ್ಪನೂ ಹಾಗೇ ಕಾಲೆಳೆದು ಸತ್ತವನು. ಅದಕ್ಕೇ ಸೊಣ್ಣಮ್ಮ ದಿನಾ ಹಿತ್ತಲಲ್ಲಿ ಒಂಟಿಕಾಲಲ್ಲಿ ನಿಂತು ನೋಡಿಕೊಳ್ಳುತ್ತಿದ್ದಳು. ಕಾಲು ಗಟ್ಟಿಯಿದ್ದವು.

ಅವಳಿಗೆ ಬಂದದ್ದು ನಾಲಿಗೆಗೆ. ಯಶವಂತಪುರದಲ್ಲಿ ಸೊಪ್ಪು ಕೂಗಿ ಮಾರುವಾಗ ಮಾತು ಬಾಯೊಳಗೇ ಮುದ್ದೆಯಾಗತೊಡಗಿತು. ಪಕ್ಕದಲ್ಲಿ ನಿಂಬೆಹಣ್ಣು ಮಾರುವ ಬದರುನ್ನೀಸಾ ನಕ್ಕಳು.

“ಏನಮ್ಮಾ ಸೊಣ್ಣಮ್ಮ, ಬೆಳಿಗ್ಗೇನೇ ಏರಿಸ್ಕೊಂಡ್ ಬಂದ್ಯಾ?”

ಸೊಣ್ಣಮ್ಮನೂ ನಕ್ಕಳು. ಕುಡಿದ ನೀರು ಮೂಗಿಗೆ ಬಂದ ದಿನ ನಗು ನಿಂತಿತು. ತಮ್ಮ ಪಿಳ್ಳಣ್ಣ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

“ನಿಮ್ಮಣ್ಣನಿಗಿದ್ದದ್ದೇ ಇದು,” ಎಂದರು ಡಾಕ್ಟರು.

“ಅವ್ನಿಗೆ ಕಾಲಿಂದ ಬಂತಲ್ಲ ಸ್ವಾಮಿ? ನನ್ ಕಾಲು ಸಂದಾಗವೆ.”

“ಒಬ್ಬೊಬ್ಬರಿಗೆ ಒಂದೊಂದು ಕಡೆಯಿಂದ ಶುರುವಾಗುತ್ತಮ್ಮ. ನಾಲಿಗೆಯಿಂದ ಬಂದದ್ದು ಸಾಮಾನ್ಯವಾಗಿ ಹೆಚ್ಚು ದಿನ ಕೊಡೋದಿಲ್ಲ.”

“ನನ್ ಮಗ್ಳಿಗೆ?”

“ಬರಬಹುದು, ಬರದೇನೂ ಇರಬಹುದು. ಯಾರೂ ಹೇಳಕ್ಕಾಗಲ್ಲ.”

ತಂದೆಯಿಲ್ಲದ ಆ ಒಬ್ಬಳೇ ಮಗಳು ನಾರಾಯಣಮ್ಮನಿಗೆ ಹೆಬ್ಬಾಳದ ಸಂಬಂಧ ಕೂಡಿಬಂದಿತ್ತು. ತಾನು ಕಣ್ಣು ಮುಚ್ಚುವ ಮೊದಲು ಅವಳು ಒಂದು ಮನೆ ಸೇರಲಿ ಎಂಬುದೊಂದೇ ಈಗ ಸೊಣ್ಣಮ್ಮನ ಆಸೆ. ಕಾಯಿಲೆಯ ಮಾತನ್ನು ಅಕ್ಕತಮ್ಮ ಮಗಳಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡರು. ವೀಳ್ಯ ಬದಲಾಯಿಸಲು ಬಂದ ಗಂಡಿನ ತಂದೆ ಆನಂದಪ್ಪ, ಸೊಣ್ಣಮ್ಮ ‘ಬನ್ನಿ’ ಎಂದ ರೀತಿಗೇ ಹುಬ್ಬೇರಿಸಿದ. ವೀಳ್ಯದ ತಟ್ಟೆಗೆ ಕೈಹಾಕದೆ ಪಿಳ್ಳಣ್ಣನನ್ನು ನೇರವಾಗಿ ಕೇಳಿದ.

“ನಿಮ್ಮಣ್ಣನ ಕಾಯ್ಲೆ ವಿಷ್ಯ ನಮ್ಗೂ ಗೊತ್ತು. ಈಯಮ್ಮನ ಮಾತ್ಯಾಕೆ ಇಂಗೈತೆ? ನಿಮ್ ರಕ್ತದಾಗೇ ಏನಾದ್ರೂ ಐತಾ?”

ಸುಳ್ಳು ಹೇಳಲು ಪಿಳ್ಳಣ್ಣನಿಗೆ ಹುಟ್ಟಿದಾಗಿನಿಂದ ಬಾರದು. ಬಾಗಿಲ ಮರೆಯಲ್ಲಿದ್ದ ಸೊಣ್ಣಮ್ಮ ಈಚೆಗೆ ಬಂದಳು.

“ಎಂಡ, ಸ್ವಾಮಿ,” ಎಂದಳು. “ಬುಡಕ್ಕಾಗ್ತಿಲ್ಲ.”

ನಾರಾಯಣಮ್ಮ ತಲೆಯೆತ್ತಿ ತಾಯಿಯನ್ನು ನೋಡಿದಳು. ಆನಂದಪ್ಪನ ಮುಖ ಮಾತ್ರ ಸಡಿಲವಾಯಿತು. ನಮ್ಮ ಜನ ಹೀಗೇ. ಕುಡಿತವನ್ನು ನಾಲ್ಕು ಮಾತು ಬೈದು ಮರೆಯುತ್ತಾರೆ, ರಕ್ತದ ಕಾಯಿಲೆಯನ್ನು ಮೂರು ತಲೆಮಾರಿಗೂ ಮರೆಯುವುದಿಲ್ಲ. ಅವಳು ಮಾಡಿದ್ದು ಮೋಸವೇ, ಇಲ್ಲವೆನ್ನುವುದಿಲ್ಲ. ಆದರೆ ತಪ್ಪು ಎನ್ನಲು ನನಗೂ ಬಾಯಿ ಬಾರದು.

“ಕುಡ್ತ ಆದ್ರೆ ಆಗ್ಲಿ. ಧಾರೆ ದಿನ ಮಾತ್ರ ಈಯಮ್ಮ ಚಪ್ಪರದಾಗೆ ಕಾಣಿಸ್ಕೋಬಾರ್ದು,” ಎಂದು ಆನಂದಪ್ಪ ತಟ್ಟೆಗೆ ಕೈ ಹಾಕಿದ.

ಅಂದಿನಿಂದ ಮಗಳು ತಾಯಿಯ ಜೊತೆ ಮಾತು ಬಿಟ್ಟಳು. ಗಂಜಿಯನ್ನು ದೂರದಿಂದಲೇ ಇಟ್ಟು ಹೋಗುತ್ತಿದ್ದಳು. ಅದನ್ನು ನುಂಗಲು ತಾಯಿ ಪಡುತ್ತಿದ್ದ ಪಾಡನ್ನು ನಿಂತು ನೋಡಲಿಲ್ಲ.

ಮದುವೆಯ ದಿನ ಸೊಣ್ಣಮ್ಮ ಕೊಟ್ಟಿಗೆಯಲ್ಲಿ ಕುಳಿತು ಓಲಗ ಕೇಳಿಸಿಕೊಂಡಳು. ಹೊರಡುವ ಹೊತ್ತಿಗೆ ನಾರಾಯಣಮ್ಮ ಬಾಸಿಂಗ ಕಟ್ಟಿಕೊಂಡೇ ಅಲ್ಲಿಗೆ ಬಂದಳು.

“ಇವತ್ತೊಂದಿನಾನಾದ್ರೂ ಕುಡೀದೆ ಇದ್ಯಾ ಅಮ್ಮಾ?”

ಅಷ್ಟರೊಳಗೆ ಸೊಣ್ಣಮ್ಮನ ಮಾತು ಪೂರಾ ಹೋಗಿತ್ತು. ಅಣ್ಣನಿಗೆ ಎಂದೂ ಆಗದಿದ್ದ ಒಂದು ಅವಳಿಗೆ ಆಗಿತ್ತು: ಅಳುವೂ ನಗುವೂ ಅವಳ ಹಿಡಿತ ತಪ್ಪಿದ್ದವು. ಎದೆಯೊಡೆಯುವಂತೆ ಅಳು ಬಂತು, ಬಾಯಿಂದ ಹೊರಟದ್ದು ನಗೆ. ಗಹಗಹಿಸಿ ನಕ್ಕಳು, ನಿಲ್ಲಿಸಲಾಗಲಿಲ್ಲ.

“ಥೂ,” ಎಂದು ಮಗಳು ಕಾಲಿಗೂ ಬೀಳದೆ ಹೊರಟುಹೋದಳು.

ಪಿಳ್ಳಣ್ಣ ತಡೆಯಲಾರದೆ, “ಯೋಳ್ಬುಡ್ತೀನಿ ಕಣಕ್ಕಾ, ಮಗೀಗೆ ಯೋಳ್ಬುಡ್ತೀನಿ,” ಎಂದು ಬಾಗಿಲಿಗೆ ಓಡಿದ. ಸೊಣ್ಣಮ್ಮ ಅವನ ಮುಂಗೈ ಹಿಡಿದಳು. ಕೈಗಳಿಗೆ ಕಾಯಿಲೆ ಇನ್ನೂ ಇಳಿದಿರಲಿಲ್ಲ. ಪಿಳ್ಳಣ್ಣ ಎಷ್ಟು ಕೊಸರಿದರೂ, ಹೆಣ್ಣು ಹೊತ್ತ ವ್ಯಾನು ಊರು ದಾಟಿ ಅದರ ಸದ್ದು ಅಡಗುವವರೆಗೂ ಅವಳು ಬಿಡಲಿಲ್ಲ.