ಕಂದು ಕವರಿನ ಚಂದಾದಾರ

ಆಫೀಸಿನಲ್ಲಿ ಎಲ್ಲರಿಗೂ ಅವನು ಅಂಟಜ್ಜ. ಪತ್ರಿಕೆ ಹುಟ್ಟಿದಾಗಿನಿಂದ ಅದರ ಕಂದು ಕವರುಗಳಿಗೆ ಅಂಟು ಹಚ್ಚಿದವನು ಅವನೇ, ಕೊನೆಯ ಪುಟದ ಅಂಕಣ ಬರೆದವನೂ ಅವನೇ. ಗಂಡಸನ್ನು ಪ್ರೀತಿಸುವ ಗಂಡಸರಿಗೆ, ಹೆಂಗಸನ್ನು ಪ್ರೀತಿಸುವ ಹೆಂಗಸರಿಗೆ ಎಂದು ಶುರುವಾದ ಪತ್ರಿಕೆ ಅದು. ಬೈಯದೆ ಮದ್ದು ಕೊಡುವ ಡಾಕ್ಟರ ವಿಳಾಸ, ಮನೆಯಿಂದ ಹೊರಬಿದ್ದವರಿಗೆ ತಂಗಲು ಜಾಗ, ಒಂಟಿ ಜೀವಗಳ ಪತ್ರ, ಇವೇ ಆಗ ಅದರ ಸರಕು. ಕವರಿನ ಮೇಲೆ ಪತ್ರಿಕೆಯ ಹೆಸರು ಹಾಕುತ್ತಿರಲಿಲ್ಲ. ‘ಹೊಲಿಗೆ ಮಾದರಿಗಳು’ ಎಂಬ ರಬ್ಬರ್ ಮುದ್ರೆ ಒತ್ತುತ್ತಿದ್ದರು. ಗೋಡೆಗೂ ಕಿವಿಯಿದ್ದ ಕಾಲ.

ಮುದ್ರೆಯ ಉಪಾಯ ಟೈಲರನದು. ಹೊಲಿಗೆ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವನೂ ಅಜ್ಜನೂ ಆಗ ಜೊತೆಯಾಗಿ ಬಾಳುತ್ತಿದ್ದರು. ಆಮೇಲೆ ಮನೆಯವರು ಟೈಲರನಿಗೆ ಹೆಣ್ಣು ನೋಡಿದರು, ಅವನು ಬೇಡ ಎನ್ನಲಾರದೆ ಹೋದ. ಹೊರಡುವಾಗ ಹೇಳಿದ್ದಿಷ್ಟು: “ಪತ್ರಿಕೆ ಮಾತ್ರ ಕಳಿಸ್ತಾ ಇರು.”

ಅಜ್ಜ ಕಳಿಸುತ್ತಲೇ ಬಂದ. ಕೊನೆಯ ಪುಟ ಎಲ್ಲ ಓದುಗರಿಗೆ ಎಂಬುದು ಹೆಸರಿಗೆ ಮಾತ್ರ, ಬರೆಯುತ್ತಿದ್ದುದು ಒಬ್ಬನಿಗೆ. ವರ್ಷಕ್ಕೊಮ್ಮೆ ಆ ಕಡೆಯಿಂದ ಚಂದಾ ಬರುತ್ತಿತ್ತು, ಅದರ ಜೊತೆ ಒಂದು ತುಂಡು ಬಟ್ಟೆ. ಒಂದಕ್ಷರ ಇರುತ್ತಿರಲಿಲ್ಲ. ಅಜ್ಜನ ಸಂಸಾರ ಎಂದರೆ ಅಷ್ಟೇ.

ಕಾಲ ಬದಲಾಯಿತು, ಬದಲಾಗಲೆಂದೇ ಅಜ್ಜ ಬರೆದದ್ದು. ಹೊಸ ಸಂಪಾದಕಿ ಬಂದಳು. ಮೇಜಿನ ಮೇಲೆ ತನ್ನ ಗೆಳತಿಯ ಫೋಟೋ ಇಟ್ಟುಕೊಳ್ಳುವ ಧೈರ್ಯವಂತೆ. ಡಾಕ್ಟರ ವಿಳಾಸವಿದ್ದ ಕಡೆ ಮುಖದ ಕ್ರೀಮು ಬಂತು, ತಂಗುವ ಜಾಗವಿದ್ದ ಕಡೆ ಸಮುದ್ರದಂಡೆಯ ಹೋಟೆಲು. ಈಗಿನವರು ಪತ್ರಿಕೆಯನ್ನು ಬಸ್ಸಿನಲ್ಲಿ ಬಿಚ್ಚಿ ಓದುತ್ತಾರೆ. ಅದಕ್ಕೆ ಹೊಟ್ಟೆ ಉರಿದುಕೊಳ್ಳುವಷ್ಟು ಸಣ್ಣ ಮನಸ್ಸು ಅಜ್ಜನದಲ್ಲ. ಆದರೆ ಕಂದು ಕವರನ್ನೂ ತೆಗೆದುಹಾಕುತ್ತೇವೆ ಎಂದಾಗ ಕೈಯಲ್ಲಿದ್ದ ಅಂಟಿನ ಡಬ್ಬಿ ಕೆಳಗಿಟ್ಟ.

“ಮುಚ್ಚಿ ಕಳಿಸಿದ್ರೆ ನಮಗೇ ನಾಚಿಕೆ ಅಂದ ಹಾಗಲ್ವಾ ಅಜ್ಜ?” ಎಂದಳು ಸಂಪಾದಕಿ.

ನಾಚಬೇಡಿ ಎಂದು ಜೀವಮಾನವಿಡೀ ಬರೆದವನು ಏನು ಹೇಳಿಯಾನು? “ಹಳಬರು ಕೆಲವರಿದ್ದಾರಮ್ಮ. ಅವರದ್ದು ನಾನೇ ಅಂಟಿಸ್ತೀನಿ,” ಎಂದ.

“ಆಯ್ತಜ್ಜ, ಖಂಡಿತ,” ಎಂದವಳು ಪ್ರೆಸ್ಸಿಗೆ ಅದನ್ನು ಹೇಳಲು ಮರೆತಳು. ಅಲ್ಲಿನ ಹೊಸ ಯಂತ್ರ ಹಳಬ ಹೊಸಬ ಎನ್ನದೆ ಎಲ್ಲವನ್ನೂ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿತು. ಮುಖಪುಟದಲ್ಲಿ ಸೂಟು ತೊಟ್ಟ ಇಬ್ಬರು ಹುಡುಗರು ಮುತ್ತಿಡುತ್ತಿದ್ದರು.

ಟೈಲರನ ಪ್ರತಿ ವಾಪಸು ಬಂತು. ಮೇಲೆ ಬರೆದಿತ್ತು: ‘ಇಂಥವರು ಇಲ್ಲಿ ಇಲ್ಲ.’ ಬಟ್ಟೆಯ ಮೇಲೆ ಬಳಪದಿಂದ ಅಳತೆ ಗುರುತಿಸುತ್ತಿದ್ದ ಅದೇ ಓರೆ ಅಕ್ಷರ. ಇಲ್ಲ ಎಂದು ತನ್ನ ಕೈಯಾರೆ ಬರೆದಿದ್ದ. ಸಂಪಾದಕಿ ನೋಡಿ, ತಾನು ಮರೆತದ್ದು ನೆನಪಾಗಿ ಕಣ್ಣೀರು ಹಾಕಿದಳು. ಅಜ್ಜನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಮರುದಿನ ಅದೇ ಪ್ರತಿಯನ್ನು ಕಂದು ಕಾಗದದಲ್ಲಿ ಸುತ್ತಿ, ಅಂಟು ಹಚ್ಚಿ, ಮುದ್ರೆ ಒತ್ತಿದ. ಟೈಲರ್ ಹೊಲಿದುಕೊಟ್ಟಿದ್ದ ಹಳೇ ಕೋಟು ತೊಟ್ಟು ಬಸ್ಸು ಹತ್ತಿದ. ಒಂದು ಸಲ ಮುಖ ನೋಡಿ, ತಪ್ಪಾಯಿತು ಎಂದರೆ ಸಾಕಿತ್ತು.

ಬಾಗಿಲು ತೆಗೆದವನು ಟೈಲರನ ಮಗ.

“ಯಜಮಾನರಿಗೆ ಹೊಲಿಗೆ ಮಾದರಿ ತಂದಿದ್ದೆ.”

ಮಗನ ಹುಬ್ಬು ಗಂಟಾಯಿತು. “ಮೊನ್ನೆ ಅಪ್ಪನ ಹೆಸರಿಗೆ ಅದ್ಯಾವುದೋ ಹೇಸಿಗೆ ಪತ್ರಿಕೆ ಬಂದಿತ್ತು. ಮಕ್ಕಳ ಕೈಗೆ ಸಿಕ್ತು. ನೀವೇನಾ ಕಳಿಸಿದ್ದು?”

“ಅಲ್ಲಪ್ಪ,” ಎಂದ ಅಜ್ಜ. “ಅದು ಯಾವುದೋ ನಂಗೊತ್ತಿಲ್ಲ.”

ಬದುಕೆಲ್ಲ ಕೊಟ್ಟ ಪತ್ರಿಕೆಯನ್ನು ಎರಡು ಮಾತಿನಲ್ಲಿ ನೀಗಿಕೊಂಡಿದ್ದ.

ಒಳಗಿನಿಂದ ಟೈಲರ್ ಗೋಡೆ ಹಿಡಿದುಕೊಂಡು ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಕಣ್ಣು ಮಾತ್ರ ಅದೇ, ಅಜ್ಜನನ್ನು ಕಂಡಕೂಡಲೇ ತುಂಬಿಕೊಂಡಿತು. ಮಗ ಇಬ್ಬರನ್ನೂ ನೋಡುತ್ತ ನಿಂತಿದ್ದ.

“ಹೊಲಿಯೋದು ಬಿಟ್ಟುಬಿಟ್ಟೆ ಸ್ವಾಮಿ,” ಎಂದ ಟೈಲರ್. “ಇನ್ನು ಮಾದರಿ ಕಳಿಸಬೇಡಿ.”

ಅಜ್ಜ ತಲೆಯಾಡಿಸಿದ, ಪೊಟ್ಟಣವನ್ನು ಕಂಕುಳಿಗೆ ಸೇರಿಸಿದ. ಆಗ ಟೈಲರನ ಕಣ್ಣು ಅವನ ಕೋಟಿನ ತೋಳಿನ ಮೇಲೆ ಬಿತ್ತು. ಕೈ ತಾನಾಗಿ ಅತ್ತ ಚಾಚಿಕೊಂಡಿತು, ಮಗನ ನೆನಪಾಗಿ ಅರ್ಧದಲ್ಲೇ ನಿಂತಿತು.

“ಗುಂಡಿ ಬಿದ್ದುಹೋಗಿದೆ,” ಎಂದ. “ಯಾರ ಕೈಲಾದ್ರೂ ಹಾಕಿಸ್ಕೊಳ್ಳಿ.”

ಬಾಗಿಲು ಮುಚ್ಚಿತು. ಮುಂದಿನ ಸಂಚಿಕೆಗೆ ಅಜ್ಜ ಕೊನೆಯ ಪುಟ ಬರೆಯಲಿಲ್ಲ. ಅಲ್ಲಿ ಸುಗಂಧದ ಜಾಹೀರಾತು ಬಂತು, ಯಾವ ಓದುಗರೂ ಯಾಕೆಂದು ಕೇಳಲಿಲ್ಲ. ಕೋಟು ಈಗಲೂ ತೊಡುತ್ತಾನೆ. ಗುಂಡಿ ಮಾತ್ರ ಹಾಕಿಸಿಲ್ಲ.