ಫೋಟೋದಲ್ಲಿದ್ದ ಬುಟ್ಟಿ

ಡೀಸೆಲ್ ಹೊಗೆ ಕುಡಿದೇ ಬಾಗಿಯ ಅರ್ಧ ಆಯುಷ್ಯ ಕಳೆದಿತ್ತು. ಇಪ್ಪತ್ತೆರಡು ವರ್ಷದಿಂದ ಬೆಂಗ್ರೆಯಲ್ಲಿ ಮೀನಿನ ಬುಟ್ಟಿ ಹೊತ್ತು, ಹಸೈನಾರನ ದೋಣಿ ಹತ್ತಿ, ಹೊಳೆ ದಾಟಿ, ಜೆಪ್ಪುವಿನ ಮನೆಮನೆಗೆ ಹೋಗಿ ಮಾರುವವಳು ಅವಳು. ಮೀನಿನವರ ಜಾಗ ಇಂಜಿನ್ ಪಕ್ಕವೇ. ಕೆಮ್ಮು ಅವಳಿಗೆ, ವಾಸನೆ ಬಂಗುಡೆಗೆ. "ಎಂತ ಬಾಗಿ, ಡೀಸೆಲಲ್ಲಿ ತೊಳೆದದ್ದಾ?" ಎಂದು ಜೆಪ್ಪುವಿನ ಗಿರಾಕಿ ರೊಸಾಲಿನ್ ಬಾಯಿಯವರು ಮೂಗು ಮುರಿಯುತ್ತಿದ್ದರು.

ಹಾಗಾಗಿ ದೋಣಿಗಳನ್ನು ಗ್ಯಾಸಿಗೆ ಬದಲಿಸಿ ಎಂಬ ಅರ್ಜಿಗೆ ಮೊದಲ ಹೆಬ್ಬೆಟ್ಟು ಒತ್ತಿದವಳು ಬಾಗಿಯೇ. ಸರಕಾರಿ ಆಫೀಸಿನವರು ಬಂದರು, ತಲೆಗೆ ಬುಟ್ಟಿ ಹೊರಿಸಿದರು, ನಗಿಸಿ ಫೋಟೋ ತೆಗೆದರು. ವರ್ಷ ಕಳೆದು ಗ್ಯಾಸ್ ದೋಣಿ ಬಂತು. ದೋಣಿ ಹತ್ತುವ ಕಡವಿನ ಬೋರ್ಡಿನಲ್ಲಿ ಅವಳ ಆಳೆತ್ತರದ ಫೋಟೋ ನಿಂತಿತು. ದೋಣಿಯ ಗುತ್ತಿಗೆ ಮಾತ್ರ ಪೇಟೆಯ ಕಂಪೆನಿಗೆ ಹೋಯಿತು. ಡೀಸೆಲ್ ದೋಣಿಯ ಪರವಾನಗಿ ನಿಂತು, ಹಸೈನಾರ ಆ ಕಂಪೆನಿಯ ಸಂಬಳದ ಆಳಾದ.

ಮೊದಲ ದಿನ ಬಾಗಿ ದೋಣಿಗೆ ಹತ್ತುವ ಹಲಗೆಗೆ ಕಾಲಿಡುವಾಗ ಮ್ಯಾನೇಜರ್ ಕೌಶಲ್ ಅಡ್ಡ ಬಂದ. ಹೊಸ ದೋಣಿಗೆ ಮೀನು ಹಾಕುವ ಹಾಗಿಲ್ಲ, ವಾಸನೆ ಬಂದರೆ ಪೇಟೆಯವರು ಹತ್ತುವುದಿಲ್ಲ, ಕೂಳೂರು ಸೇತುವೆ ಸುತ್ತಿ ಟೆಂಪೋದಲ್ಲಿ ಹೋಗಿ ಎಂದ. ಸುತ್ತಿ ಹೋದರೆ ಹೊತ್ತು ಏರುತ್ತದೆ. ಬಿಸಿಲು ತಿಂದ ಮೀನನ್ನು ಬೆಕ್ಕೂ ಮೂಸುವುದಿಲ್ಲ.

ಬಾಗಿಯ ಮೈಯೆಲ್ಲ ಉರಿಯಿತು. ಏರಿದ ಏಣಿಯನ್ನು ಒದೆಯುವುದೆಂದರೆ ಇದೇ.

"ಅಲ್ಲಿ ನಿಂತದ್ದು ಯಾರು ಧಣಿ?" ಎಂದು ಬೋರ್ಡಿನ ಕಡೆ ಕೈ ತೋರಿಸಿದಳು.

"ನೀವೇ ಅಲ್ವಾ. ಅದಕ್ಕೆ ಎಂತ ಈಗ?"

"ಅವಳ ತಲೆ ಮೇಲೆ ಎಂತ ಉಂಟು?"

ಕೌಶಲ್ ವಾಚು ನೋಡಿಕೊಂಡ. ಹೊರಡು ಎಂದು ಹಸೈನಾರನಿಗೆ ಸನ್ನೆ ಮಾಡಿದ.

ಬಾಗಿ ಬುಟ್ಟಿಯನ್ನು ಹಲಗೆಯ ನಟ್ಟನಡುವೆ ಇಳಿಸಿ ಪಕ್ಕದಲ್ಲೇ ಕುಳಿತಳು. ಹಿಂದೆ ನಿಂತಿದ್ದ, ಅವಳಂತೆಯೇ ಮೀನು ಮಾರುವ ರುಮೈಸಾ ತನ್ನ ಬುಟ್ಟಿ ಇಟ್ಟಳು. ಆಮೇಲೆ ಉಳಿದ ಮೀನಿನವರೂ ಇಟ್ಟರು. ದೋಣಿಯೊಳಗೆ ಕುಳಿತ, ಪೇಟೆಗೆ ಕೆಲಸಕ್ಕೆ ಹೋಗುವ ಮಂದಿ ತಡವಾಯಿತೆಂದು ಗೊಣಗತೊಡಗಿದರು. ಇಂಜಿನ್ ಮೆಲ್ಲಗೆ ಓಡುತ್ತಿತ್ತು. ಹೊಗೆಯಿಲ್ಲ, ಕಮಟಿಲ್ಲ. ಇಷ್ಟು ಒಳ್ಳೆಯ ದೋಣಿಯನ್ನು ತಾವೇ ಕೇಳಿ ತರಿಸಿದ್ದಲ್ಲವಾ ಎಂದು ನೆನೆದು ಬಾಗಿಗೆ ಅಳು ಬಂತು. ಸೆರಗಿನಿಂದ ಮುಖ ಒರೆಸಿಕೊಂಡಳೇ ಹೊರತು ಏಳಲಿಲ್ಲ.

"ಹಸೈನಾರ್, ಬುಟ್ಟಿ ದೂಡಿ ಹಲಗೆ ಎಳಿ. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ" ಎಂದ ಕೌಶಲ್.

ಹಸೈನಾರ ಇಂಜಿನ್ ನಿಲ್ಲಿಸಿದ. ಕೀ ಎಳೆದು ತೆಗೆದ. ಹಲಗೆಯ ಮೇಲೆ ನಡೆದು ಬಂದು ಅದನ್ನು ಬಾಗಿಯ ಬುಟ್ಟಿಯಲ್ಲಿ, ಬಂಗುಡೆಗಳ ಮೇಲೆ ಇಟ್ಟ.

"ಬುಟ್ಟಿ ಹತ್ತಿದ ಮೇಲೆ ಕೀ ಕೊಡಿ ಬಾಗಿಯಕ್ಕ" ಎಂದು ಅವರ ಜೊತೆ ಕುಳಿತ.