ತಾಳ್ಮೆಯ ಗೆರೆಗಳು

ಈ ಸಲವೂ ಗೆರೆ ಕಾಣಲಿಲ್ಲ. ಗಡಿಬಿಡಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು, ಬಾಗಿಲವರೆಗೆ ಹೋದಳು, ಹಿಡಿಕೆ ಮುಟ್ಟಿ ವಾಪಸು ಬಂದು ಕೂತಳು. ಪರದೆಯ ಮೇಲೆ ಪರಮಾಣುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಇರಲೇಬೇಕಾಗಿದ್ದ ಕಪ್ಪು ಗೆರೆಗಳು ಮಾತ್ರ ಇರಲಿಲ್ಲ.

ಗಡಿಬಿಡಿ ಎಂದು ಹೆಸರಿಟ್ಟವರು ಮೇಷ್ಟ್ರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ನೆಟ್ಟಗೆ ಕೂರಲಾರದ ಇವಳು ಅವರ ಬಳಿ ಸಂಶೋಧನೆಗೆ ಸೇರಿದಾಗ, "ಕಾಲಿಗೆ ಚಕ್ರ ಕಟ್ಕೊಂಡು ಬಂದಿದೀಯಾ?" ಎಂದು ಕೇಳಿದ್ದರು. ಆ ಪ್ರಯೋಗಾಲಯದಲ್ಲಿ ಒಂದೇ ಪಾಠ: ಹರಳಿನಲ್ಲಿ ಒಂದು ಜಾಗ ಆರಿಸು, ಅಲ್ಲೇ ಬೀಡುಬಿಡು, ಅಲುಗಾಟ ನಿಲ್ಲುವವರೆಗೆ ಕಾಯಿ, ಫೋಕಸ್ ಕೂದಲೆಳೆಯಷ್ಟೂ ತಪ್ಪದಂತೆ ಮಾಡು, ಆಮೇಲೆ ಚಿತ್ರ ತೆಗೆ. ತಾಳಿದವನು ಬಾಳಿಯಾನು.

ಹಾಗೆ ತಾಳಿಯೇ ಮೇಷ್ಟ್ರು ಹೆಸರು ಮಾಡಿದ್ದರು. ಪೆರೊವ್‌ಸ್ಕೈಟ್ ಎಂಬ ಜಾತಿಯ ಆಕ್ಸೈಡ್ ಹರಳಿನಲ್ಲಿ ಆಮ್ಲಜನಕ ಕಡಿಮೆ ಬಿದ್ದರೆ ಅಲ್ಲಲ್ಲಿ ಜಾಗ ಖಾಲಿ ಉಳಿಯುತ್ತದೆ. ಅವರ ಹರಳಿನಲ್ಲಿ ಆ ಖಾಲಿ ಜಾಗಗಳು ಚೆಲ್ಲಾಪಿಲ್ಲಿಯಾಗಿರದೆ ತಾವೇ ಸಾಲುಗಟ್ಟಿ ಕಪ್ಪು ಗೆರೆಗಳಾಗಿ ಕಾಣುತ್ತವೆ, ಹರಳು ಹುಟ್ಟುವಾಗಲೇ ಆ ಗೆರೆಗಳನ್ನು ಹೊತ್ತು ಹುಟ್ಟುತ್ತದೆ ಎನ್ನುವುದು ಅವರ ವಾದ. ನಮಗೆ ಕಾಣಲಿಲ್ಲ ಎಂದು ಬೇರೆಯವರು ಹೇಳಿದರೆ ನಕ್ಕುಬಿಡುತ್ತಿದ್ದರು. "ಕಾಣೋದು ಹೇಗೆ? ಒಂದು ಕಡೆ ಕೂತರೆ ತಾನೇ!" ನಾಳೆ ಬೆಳಿಗ್ಗೆ, ನಿವೃತ್ತಿಗೆ ಮುಂಚಿನ ಕೊನೆಯ ಉಪನ್ಯಾಸ. ಅದಕ್ಕೊಂದು ಹೊಸ ಚಿತ್ರ ಬೇಕೆಂದು ಇವಳಿಗೆ ಹೇಳಿದ್ದರು.

ಇವತ್ತು ಬೆಳಿಗ್ಗೆ ಇವಳು ತನ್ನ ಹೆಸರಿಗೆ ತಕ್ಕ ಹಾಗೆಯೇ ಮಾಡಿದ್ದಳು. ಒಂದು ಜಾಗದಲ್ಲಿ ಫೋಕಸ್ ಮಾಡಿ, ಅದು ಚೆನ್ನಾಗಿಲ್ಲವೆಂದು ಪಕ್ಕಕ್ಕೆ ಸರಿದವಳು, ಕಾಯದೆ ಗುಂಡಿ ಒತ್ತಿಬಿಟ್ಟಿದ್ದಳು. ಗೆರೆಯಿಲ್ಲದ ಚಿತ್ರ ಬಂತು. ತನ್ನ ಅವಸರಕ್ಕೆ ತಾನೇ ನಾಚಿ, ಅಲ್ಲೇ ಕಾದು ಇನ್ನೊಂದು ತೆಗೆದಳು. ಅದರಲ್ಲಿ ಗೆರೆಗಳಿದ್ದವು. ಅದೇ ಜಾಗ, ಆಗ ಇಲ್ಲದ್ದು ಈಗ ಇತ್ತು. ಗೆರೆ ಹರಳಿನದ್ದಲ್ಲ, ನೋಡಲೆಂದು ಬಿಟ್ಟ ಎಲೆಕ್ಟ್ರಾನ್ ಕಿರಣವೇ ಆಮ್ಲಜನಕವನ್ನು ಒದ್ದು ಹೊರಹಾಕುತ್ತಿತ್ತು. ಹೆಚ್ಚು ಹೊತ್ತು ನೋಡಿದವರಿಗೆ ಹೆಚ್ಚು ಗೆರೆ. ಆಗಿನಿಂದ ಹೊಸ ಹೊಸ ಜಾಗಗಳಲ್ಲಿ ಅದನ್ನೇ ಮಾಡಿ ನೋಡುತ್ತಿದ್ದಳು. ಎಲ್ಲ ಕಡೆಯೂ ಅದೇ ಕಥೆ.

ಕೂತಲ್ಲಿ ಕೂರಲಾಗದೆ ಹೊರಗೆ ಹೋಗಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

"ಇನ್ನೊಂದು ಚಿತ್ರದಲ್ಲಿ ಗೆರೆ ಇದೆ ತಾನೆ? ಅದನ್ನ ಕೊಟ್ಟು ಮನೆಗೆ ಬಾ," ಎಂದಳು ಅಕ್ಕ. "ನಿನ್ನ ಪ್ರಬಂಧನೂ ಅದೇ ಗೆರೆ ಮೇಲೆ ನಿಂತಿದೆ. ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಹಾಗಾಯ್ತು ನಿನ್ನ ಕಥೆ."

"ನಾಳೆ ಅಷ್ಟು ಜನರ ಮುಂದೆ ಅವರು ಸುಳ್ಳು ಹೇಳಿದ ಹಾಗಾಗುತ್ತೆ ಅಕ್ಕಾ."

"ಗೊತ್ತಿಲ್ದೆ ಹೇಳಿದ್ರೆ ಅದು ಸುಳ್ಳು ಹೇಗಾಗುತ್ತೆ?"

"ನನಗೆ ಗೊತ್ತಲ್ಲ," ಎಂದಳು ಗಡಿಬಿಡಿ.

ಮೇಷ್ಟ್ರು ಬಂದಾಗ ಅವಳು ಮತ್ತೆ ಪರದೆಯ ಮುಂದೆ ಕೂತು ಉಗುರು ಕಚ್ಚುತ್ತಿದ್ದಳು. ಅವರ ಕನ್ನಡಕ ಹಣೆಯ ಮೇಲೆ, ಬಾಯಲ್ಲಿ ಯಾವುದೋ ಹಳೆಯ ಹಾಡಿನ ಗುನುಗು. ನಾಳೆಗೆಂದು ಕ್ಷೌರ ಮಾಡಿಸಿಕೊಂಡು ಬಂದಿದ್ದರು. ಕಿವಿಯ ಹಿಂದೆ ಇನ್ನೂ ಪೌಡರ್ ಉಳಿದಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂದ ಹಾಗಾಯಿತು. ಅಪ್ಪನ ಮೇಲಿದ್ದಷ್ಟೇ ಪ್ರೀತಿ ಅವಳಿಗೆ ಈ ಮನುಷ್ಯನ ಮೇಲೆ.

"ಏನಮ್ಮ ಗಡಿಬಿಡಿ, ಸಿಕ್ತಾ ಒಳ್ಳೆ ಚಿತ್ರ?"

ಸಿಕ್ಕಿದೆ ಸರ್ ಎನ್ನಲು ಬಾಯಿ ತೆರೆದಳು. "ನೀವೇ ಒಂದು ಸಲ ಕೂತ್ಕೊಳ್ಳಿ ಸರ್," ಎಂದು ಹೊರಬಿತ್ತು. "ಹೊಸ ಜಾಗಕ್ಕೆ ಸರಿಸಿ. ಆದ್ರೆ ಕಾಯ್ಬೇಡಿ. ತಕ್ಷಣ ತೆಗೀರಿ."

"ಕಾಯ್ಬೇಡಿ ಅಂತ ನನಗೆ ಹೇಳ್ತೀಯಾ?"

ನಗುತ್ತಲೇ ಕೂತು ಚಿತ್ರ ತೆಗೆದರು. ಇನ್ನೊಂದು ಜಾಗಕ್ಕೆ ಸರಿದು ತೆಗೆದರು. ಮತ್ತೊಂದು. ಯಾವುದರಲ್ಲೂ ಗೆರೆಯಿರಲಿಲ್ಲ. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವಳು ಗೋಡೆಗೊರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಎರಡು ಮಾತು ಬೈದಾದರೂ ಬಿಡಬಾರದೇ ಎಂದುಕೊಂಡಳು.

"ಬೇರೆ ಯಾರಿಗೆ ಹೇಳಿದೀಯಾ?"

"ಅಕ್ಕನಿಗೆ ಸರ್. ಸುಮ್ನಿರು ಅಂದಳು."

"ಬುದ್ಧಿವಂತೆ." ಗೆರೆಯಿಲ್ಲದ ಚಿತ್ರವನ್ನು ಅವಳು ಬೆಳಿಗ್ಗೆ ತೆಗೆದ ಗೆರೆಯ ಚಿತ್ರದ ಪಕ್ಕಕ್ಕೆ ತಂದಿಟ್ಟರು. ಆಮೇಲೆ ಅವರ ಧ್ವನಿ ತಗ್ಗಿತ್ತು. "ನಾಳೆ ಎರಡನ್ನೂ ಪಕ್ಕಪಕ್ಕ ತೋರಿಸೋಣ. ನಾನೇ ಹೇಳ್ತೀನಿ. ನೀನೂ ನನ್ನ ಜೊತೆ ನಿಂತ್ಕೋಬೇಕು. ಆದ್ರೆ ನಿನ್ನ ಪ್ರಬಂಧ..."

"ಮತ್ತೆ ಬರೀತೀನಿ ಸರ್."

ಅವರು ತಲೆಯಾಡಿಸಿದರು, ಆದರೆ ಏಳಲಿಲ್ಲ. ಇನ್ನೂ ಯಾರೂ ಮುಟ್ಟದ ಒಂದು ಜಾಗಕ್ಕೆ ಸರಿಸಿ, ಈ ಸಲ ಗುಂಡಿ ಒತ್ತದೆ, ಕಿರಣವನ್ನು ಹಾಗೇ ಬಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಮೊದಲು ಬರೀ ಸಾಲುಗಳಿದ್ದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಕಡೆ ಮಸುಕಾಯಿತು. ಆ ಮಸುಕು ಕಪ್ಪಾಗಿ, ಉದ್ದಕ್ಕೆ ಹರಿದು ಗೆರೆಯಾಯಿತು.

"ಇಷ್ಟು ವರ್ಷದಲ್ಲಿ ಇದು ಹುಟ್ಟೋದನ್ನ ನಾನು ನೋಡೇ ಇರಲಿಲ್ಲ ಕಣಮ್ಮ," ಎಂದರು. "ಫೋಕಸ್ ಮುಗಿಸಿ ತಲೆ ಎತ್ತೋ ಹೊತ್ತಿಗೆ ಹುಟ್ಟಿಬಿಟ್ಟಿರ್ತಿತ್ತು."

ಹರಳು ಹಾಳಾಗುತ್ತಿತ್ತು. ಕಿರಣ ಮುಚ್ಚಲೆಂದು ಅವಳು ಗುಂಡಿಯತ್ತ ಕೈ ಚಾಚಿದಳು. ಮೇಷ್ಟ್ರು ಪರದೆಯಿಂದ ಕಣ್ಣು ತೆಗೆಯದೆ ಅವಳ ಕೈಯನ್ನು ಮೆಲ್ಲಗೆ ತಡೆದರು.

"ಇರಲಿ," ಎಂದರು. "ಇನ್ನೊಂದು ಬರ್ತಿದೆ."